ಎರಡು ಎಡಗಾಲು

ಹದಿನಾಲ್ಕು ಮಕ್ಕಳು, ಒಂದು ಹಗ್ಗ.
ಹಗ್ಗಕ್ಕೆ ಹದಿನಾಲ್ಕು ಗಂಟು, ಗಂಟಿಗೊಂದು ಕೈ.
ಹೀಗೆ ಹೊರಟಿತು ನಮ್ಮ ನಲಿ-ಕಲಿಯ ದಂಡು
ಹಿಪ್ಪುನೇರಳೆ ತೋಟದ ಬದುವಿನಲ್ಲಿ,
ಗುಡಿಬಂಡೆಯ ಕಡೆಯ ಬೋಳುಗುಡ್ಡಗಳು
ಎಳೆಬಿಸಿಲಿಗೆ ಬೆನ್ನೊಡ್ಡಿ ಮಲಗಿದ್ದ ಹೊತ್ತು.

ಅರಮನೆ ಅಂದಿದ್ದೆ. ಅದೇ ತಪ್ಪಾಯಿತು.
"ಇದಾ ಮಿಸ್?" ಎಂದಳು ಗೌಸಿಯಾ.
"ನಮ್ ಮಾಮು ಮದುವೆ ಆದ ಛತ್ರ ಇದಕ್ಕಿಂತ ದೊಡ್ಡದು."
ನಿಜ. ಯಾವನೋ ಪಾಳೇಗಾರ, ಸಣ್ಣವನು.
ನಾಲ್ಕು ಅಂಕಣ, ಒಂದು ತೊಟ್ಟಿ,
ಕುಸಿದ ಮಹಡಿಯಲ್ಲಿ ಆಕಾಶದ ತುಂಡು,
ಈಗ ಪಾರಿವಾಳಗಳದೇ ದರ್ಬಾರು.

ಕಾವಲಿನ ಪಿಳ್ಳಮುನಿಶಾಮಪ್ಪ ಬೀಗ ತೆಗೆದ.
ಬೀಗದ ಕೈಯೇ ಗೇಣುದ್ದ;
ಮಕ್ಕಳಿಗೆ ಅರಮನೆ ಸಿಕ್ಕಿದ್ದು ಆವಾಗಲೇ.
ಒಬ್ಬೊಬ್ಬರೂ ಎತ್ತಿ ನೋಡಿದರು, ಮೂಸಿ ನೋಡಿದರು.
"ಇನುಮು ವಾಸನ," ಅಂಜಿನಿ ತೀರ್ಪು ಕೊಟ್ಟ.

ಒಳಗೆ ಗೋಡೆ ತುಂಬ ಚಿತ್ರ.
ರಾತ್ರಿಯೆಲ್ಲ ಓದಿಕೊಂಡು ಬಂದಿದ್ದೆ:
ಸುಣ್ಣದ ಗಾರೆ, ಕಾವಿ, ನೀಲಿ, ದೀಪದ ಮಸಿ.
"ಮಕ್ಕಳೇ, ಮೇಲೆ ನೋಡಿ, ದೊರೆ!"
ಮೇಲೆ ದೊರೆಗೆ ಮುಖವಿರಲಿಲ್ಲ.
ಇದ್ದ ಜಾಗದಲ್ಲಿ ಮೊಳೆಯಿಂದ ಕೊರೆದ ಎರಡು ಹೆಸರು,
ಒಂದು ಹೃದಯ, ಒಂದು ಬಾಣ, ಇಸವಿ ಎಂಬತ್ತೇಳು.
"ಅವರಿಬ್ಬರಿಗೂ ಮದುವೆ ಆಯ್ತಾ ಮಿಸ್?"
ದೊರೆಯ ಮುಂದೆ ನಿಂತು ಕೇಳಿದ ಪ್ರಶ್ನೆ ಅದೊಂದೇ.

ಇಬ್ಬರಿಗೆ ಒಂದಕ್ಕೆ ಅವಸರ.
ಹಿಂದಿನ ಜಾಲಿ ಮರೆಗೆ ಕರೆದೊಯ್ದು ತರುವಷ್ಟರಲ್ಲಿ
ಹಗ್ಗ ನೆಲದ ಮೇಲೆ, ಗಂಟುಗಳಲ್ಲಿ ಕೈಗಳಿಲ್ಲ.

ಕತ್ತೆತ್ತಿದರೆ ನೋಯುತ್ತದೆ ಆರು ವರ್ಷಕ್ಕೆ.
ಅವರು ತಮ್ಮ ಕಣ್ಣಿಗೆ ಎಟುಕಿದ್ದನ್ನು ಹಿಡಿದಿದ್ದರು:
ಗೋಡೆಯ ಕೆಳಗಿನ ಅಂಚು, ನೆಲದಿಂದ ಮೂರಡಿ,
ದೊಡ್ಡವರು ಯಾರೂ ಬಗ್ಗದ ಕಡೆ, ಬಣ್ಣ ಇನ್ನೂ ಹಸಿಹಸಿ.
ಅಲ್ಲಿ ನಾಯಿಯೊಂದು ಕಾಲೆತ್ತಿ ನಿಂತಿದೆ.
ಬುಟ್ಟಿಯಿಂದ ಉರುಳಿದ ಹಣ್ಣಿಗೆ ಅಳಿಲು ಹೊಂಚಿದೆ.
ಮುದುಕಿಯೊಬ್ಬಳು ಎಲೆಯಡಿಕೆ ಉಗಿಯುತ್ತಿದ್ದಾಳೆ,
ಪಕ್ಕದಲ್ಲೇ ಪಲ್ಲಕ್ಕಿ, ಹೊತ್ತವರು ಎಂಟು ಜನ.

ಕದಿರೇಶ ಕಿರುಚಿದ. ದಿನಾ ಚಪ್ಪಲಿ
ಅದಲು ಬದಲು ಹಾಕಿಕೊಂಡು ಬರುವ ಕದಿರೇಶ,
ಶಾಲೆ ಬಾಗಿಲಲ್ಲೇ ದಿನಾ ನಾನು ಬಿಚ್ಚಿಸಿ ತೊಡಿಸುವ ಕದಿರೇಶ:
"ಮಿಸ್, ಈಯಪ್ಪಕಿ ರೆಂಡೂ ಎಡಮ ಕಾಳ್ಳೇ!"

ಬಗ್ಗಿದೆ. ಮೂರನೆಯವನು, ಕೆಂಪು ರುಮಾಲು.
ಹೌದು. ಎರಡೂ ಎಡಗಾಲೇ,
ಹೆಬ್ಬೆರಳೆರಡೂ ಒಂದೇ ಕಡೆ.
ಮಕ್ಕಳೆಲ್ಲ ತಮ್ಮ ತಮ್ಮ ಪಾದ ನೋಡಿಕೊಂಡರು.
ಕೆಲವರು ಹಾಗೆ ನಿಲ್ಲಲು ಹೋಗಿ ಬಿದ್ದರು.

ಬರೆದವನಿಗೆ ಅಂದು ಏನಾಗಿತ್ತು? ಹಸಿವೆ, ನಿದ್ದೆಯೆ,
ಗಾರೆ ಆರಿಹೋಗುತ್ತದೆಂಬ ಗಡಿಬಿಡಿಯೆ?
ಇಲ್ಲ, ಬೇಕೆಂದೇ, ದೊರೆಯ ಕಣ್ಣು ಇಳಿಯದ ಎತ್ತರದಲ್ಲಿ
ತನ್ನ ನಗುವನ್ನು ಮುಚ್ಚಿಟ್ಟು ಹೋದನೆ?
ನಾನು ಓದಿದ್ದರಲ್ಲಿ ಅದಿರಲಿಲ್ಲ.

ಪಿಳ್ಳಮುನಿಶಾಮಪ್ಪನೂ ಮಂಡಿಯೂರಿದ,
ಜೇಬಲ್ಲಿ ಕನ್ನಡಕ ತಡಕಿದ.
"ಇಪ್ಪತ್ತೆರಡು ವರ್ಷ ಮೇಡಂ. ಇಲ್ಲೇ ಊಟ, ಇಲ್ಲೇ ನಿದ್ದೆ.
ಇವನ ಕಾಲ ಬುಡದಾಗೇ ಚಾಪೆ ಹಾಸ್ತೀನಿ."
ಆಮೇಲೆ ಬಹಳ ಹೊತ್ತು ಏಳಲೇ ಇಲ್ಲ.

ಶಾಲೆಗೆ ಬಂದು ಹಾಳೆ ಹಂಚಿದೆ: ನೋಡಿದ್ದನ್ನು ಬಿಡಿಸಿ.
ಹನ್ನೊಂದು ಬೀಗದ ಕೈ.
ಒಂದು ನಾಯಿ, ಕಾಲೆತ್ತಿದ್ದು, ಕೆಳಗೆ ಕೆರೆಯಷ್ಟು ನೀರು.
ಗೌಸಿಯಾ ದೊರೆಗೆ ಮಾಮುವಿನ ಮೀಸೆ ಕೊಟ್ಟಿದ್ದಳು.
ಕದಿರೇಶ ಹಾಳೆಯ ಮೇಲೇ ಹತ್ತಿ ನಿಂತು
ಪಾದದ ಸುತ್ತ ಗೆರೆ ಎಳೆದ,
ಇಳಿದು, ಹತ್ತಿ, ಮತ್ತೆ ಎಳೆದ, ಅದೇ ಕಾಲು.

ಸೋಮವಾರ ಫೋನು. ಗುಟ್ಟು ಹೇಳುವ ದನಿ.
"ಮೇಡಂ, ಆ ಮೂಲೇಲಿ ಬಿಳೀ ಕುದುರೆ ಐತಲ್ಲ,
ಐದು ಕಾಲು.
ಟಾರ್ಚ್ ಬಿಟ್ಟು ಮೂರು ಸಲ ಎಣಿಸಿದೆ.
ಯಾರಿಗೂ ಹೇಳಬ್ಯಾಡಿ,
ಇಲಾಖೆಯೋರು ಬಂದು ಒಂದು ಅಳಿಸಿಬಿಡ್ತಾರೆ.
ಮಕ್ಕಳಿಗೆ ಹೇಳಿ."