ಯಾರಿಗೆ ಹಚ್ಚಿದ್ದು

ಲಿಂಗರಾಜಪುರದಿಂದ ಎರಡು ಬಸ್ಸು ಬದಲಿಸಿ
ಹೆಬ್ಬಾಳದ ನಮ್ಮ ಲ್ಯಾಬಿಗೆ ಬಂದಳು ಆರೋಗ್ಯಮ್ಮ,
ವೈರಿನ ಚೀಲದೊಳಗೆ ಒಂದು ನಾಟಿ ಕೋಳಿ.
ಕಂಡಕ್ಟರು ಕೇಳಿದನಂತೆ, ಏನಮ್ಮ ಅದು ಗೊರಗೊರ?
ಚೀಲ ಎದೆಗವುಚಿಕೊಂಡು
ನಂದೇ ಕಣಪ್ಪ, ಉಬ್ಬಸ, ಅಂದಳಂತೆ.

ಒಂದು ಕಣ್ಣು ಮುಚ್ಚಿಹೋಗಿತ್ತು. ಕೆನ್ನೆ ಊದಿತ್ತು
ಹಲ್ಲುನೋವಿನವರ ಹಾಗೆ,
ಹಲ್ಲೇ ಇಲ್ಲದ ಹಕ್ಕಿಗೆ.
ಮೂಗಿನ ಸೀಳಿಗೆ ಹತ್ತಿಕಡ್ಡಿ ತೂರಿಸಿದೆ.
ತಲೆ ಕೊಡವಿತು. ನನ್ನ ಕನ್ನಡಕದ ಮೇಲೊಂದು ಹನಿ,
ಕೊಳೆತ ನಾತ.

ರಕ್ತ ಬೆರೆಸಿದ ಅಗಾರಿನ ತಟ್ಟೆ.
ತುಂಬ ಸಿಂಬಳ ಸವರಿ, ನಟ್ಟನಡುವೆ
ಬೇರೊಂದು ಸೂಕ್ಷ್ಮಾಣುವಿನದು ಒಂದೇ ಗೀಟು ಎಳೆದೆ.
ಕೋಳಿನೆಗಡಿಯ ಜೀವಿಗೆ ಒಂಟಿಯಾಗಿ ಬಾಳಲು ಬಾರದು;
ಪಕ್ಕದವರು ಚೆಲ್ಲಿದ್ದೇನೋ ಬೇಕು,
ಹೊಗೆಗಾಳಿಯೂ ಒಂಚೂರು ಬೇಕು.
ಜಾಡಿಯಲ್ಲಿ ತಟ್ಟೆ, ಮೇಲೆ ಮೇಣದಬತ್ತಿ.
ಹಚ್ಚಿ ಮುಚ್ಚಳ ಬಿಗಿದೆ. ಕುಡಿ ಸಣ್ಣಗಾಗುತ್ತ,
ತನ್ನ ಉಸಿರನ್ನು ತಾನೇ ತಿನ್ನುತ್ತ,
ಬತ್ತಿಯ ತುದಿಗೆ ಕೆಂಪು ಚುಕ್ಕಿಯಾಗಿ

ಬಾಗಿಲಲ್ಲಿ ನಿಂತವಳು ನೋಡಿಬಿಟ್ಟಳು.
ಶಿವಾಜಿನಗರದ ಮಾತೆಯ ಮುಂದೆ
ಶನಿವಾರ ಶನಿವಾರ ಹಚ್ಚುವ ಕೈ
ತಾನಾಗಿ ಹಣೆಗೆ, ಎದೆಗೆ, ಭುಜಕ್ಕೆ ಹೋಯಿತು.
ನನ್ನ ಕೋಳಿಗೆ ಹಚ್ಚಿದೆಯಾ ಮಗಾ?

ರೋಗ ಬದುಕಲೆಂದು ಹಚ್ಚಿದ್ದು
ಎಂದು ಹೇಗೆ ಹೇಳಲಿ.
ಹೂಂ, ಅಂದೆ.

ಎರಡನೆಯ ದಿನ ತಟ್ಟೆ ತೆಗೆದರೆ
ಗೀಟಿನ ಆಚೆ ಈಚೆ ಇಬ್ಬನಿ ಕೂತಿದೆ.
ಹತ್ತಿರದ್ದು ದಪ್ಪ, ದೂರದ್ದು ಸಣ್ಣ,
ಆಮೇಲೆ ಬರೀ ಕೆಂಪು ಬಯಲು.
ಬೆಳಕಿಗೆ ಹಿಡಿದು ತೋರಿಸಿದೆ. ತುಸು ಹೊತ್ತು ನೋಡಿದಳು:
ನಮ್ಮ ವಠಾರ ಇದು. ನಡುವೆ ಇರೋದು ನಲ್ಲಿ.

ಡಾಕ್ಟರು ಚೀಟಿ ಬರೆದರು. ಹೋದಳು.

ಇನ್ನೊಂದು ತಟ್ಟೆ ಇತ್ತು, ನಿಧಾನದ್ದು.
ಒಂಬತ್ತನೆಯ ದಿನ ಸೂಕ್ಷ್ಮದರ್ಶಕದಡಿಯಲ್ಲಿ
ಪುಟ್ಟ ಪುಟ್ಟ ಬುಲ್ಸ್‌ಐಗಳು,
ದರ್ಶಿನಿಯ ಕಾವಲಿಯ ಮೇಲೆ ಯಾರೋ ಮರೆತು ಹೋದಂತೆ.
ಕೋಳಿಯ ಗಂಟಲು ಹಿಡಿದದ್ದು
ಮೊಟ್ಟೆಯ ವೇಷ ಹಾಕಿತ್ತು.
ಇದರ ಮೈಗೆ ಗೋಡೆಯೇ ಇಲ್ಲ. ಗೋಡೆ ಕೆಡವುವ ಮದ್ದು
ಕೆಡವಲೇನೂ ಸಿಗದೆ ಸುಮ್ಮನೆ ವಾಪಸು.

ಫೋನು ಮಾಡಿದೆ. ಕೋಳಿ ಇದೆಯಂತೆ, ಒಂದೇ ಕಣ್ಣಲ್ಲಿ,
ಮಹಡಿಯ ಸಿಂಟೆಕ್ಸ್ ಟ್ಯಾಂಕಿನ ನೆರಳಲ್ಲಿ.
ಮದ್ದು ಬದಲಿಸಬೇಕು, ಇನ್ನೊಂದು ಸಿಕ್ಕಿದೆ, ಅಂದೆ.
ಆ ಕಡೆ ಗೊರಗೊರ ಸದ್ದು.
ಕೋಳಿಯದೋ, ಅವಳದೋ, ಲೈನಿನದೋ.

ಹಾಗಾದರೆ ಇನ್ನೊಂದು ಬತ್ತಿ ಹಚ್ಚು, ಅಂದಳು.
ದುಡ್ಡು ನಾನು ಕೊಡ್ತೀನಿ.