ಎಂಬತ್ತನಾಲ್ಕು ಅಕ್ಷರ

ನಮ್ಮ ಘುಂಗ್ರೂಗೆ ಒಂದು ಪುಕ್ಕವೂ ನೆಟ್ಟಗಿಲ್ಲ.
ಎದುರುಗಾಳಿಗೆ ಸಿಕ್ಕ ಛತ್ರಿಯ ಹಾಗೆ
ಎಲ್ಲವೂ ತಲೆಯ ಕಡೆಗೆ ತಿರುಗಿ ನಿಂತಿವೆ.
ಶಿಡ್ಲಘಟ್ಟದ ಬೇಸಗೆಯಲ್ಲಿ ಅದಕ್ಕೇ ಸುಖ:
ಗೂಡು ಬೇಯುವ ಬಾಣಲೆಯ ಪಕ್ಕ ನಾನೂ ಬೇಯುವಾಗ
ಅದು ಮೈಯೆಲ್ಲ ಕಿಟಕಿ ತೆರೆದುಕೊಂಡು ಓಡಾಡುತ್ತದೆ.

"ಇಂಥದ್ದಕ್ಕೆ ಇಂಥದ್ದೇ ಜೋಡಿ ಮಾಡು,
ಮರಿಯೆಲ್ಲ ಸುರುಳಿಯೇ" ಎಂದು
ದಿಬ್ಬೂರಹಳ್ಳಿಯ ಗಫಾರಣ್ಣ
ಕಂಕುಳಲ್ಲಿ ಹುಂಜ ಇರುಕಿಕೊಂಡೇ ಬಂದ.
ಮರಿಯ ಬೆಲೆ ಹೇಳಿದಾಗ ನಾನೂ ನಂಬಿದೆ.

ಹನ್ನೆರಡು ಮೊಟ್ಟೆ. ಒಂದು ಕೆಟ್ಟಿತು.
ಮೊದಮೊದಲು ಎಲ್ಲವೂ ಒಂದೇ ಥರ ಹತ್ತಿಯುಂಡೆ.
ವಾರ ಕಳೆದು ರೆಕ್ಕೆಯಲ್ಲಿ ಕಡ್ಡಿ ಮೂಡಿದಾಗ
ಎರಡಕ್ಕೆ ನೆಟ್ಟನೆ ಗರಿ, ಪಕ್ಕದ ಮನೆಯವರಂತೆ.
ಐದು ತಾಯಿಯ ಪಡಿಯಚ್ಚು.
ಇನ್ನು ನಾಲ್ಕಕ್ಕೆ
ಗರಿ ಹುಟ್ಟಿದ್ದೇ ತಡ, ಒಣಸೊಪ್ಪಿನಂತೆ ಮುರಿದು ಉದುರಿ
ಬೆನ್ನು ಬರೀ ಚರ್ಮ.
ದೃಷ್ಟಿ ಅಂದಳು ಎದುರುಮನೆ ಅಶ್ವತ್ಥಮ್ಮ,
ಉಪ್ಪು ನಿವಾಳಿಸಿ ನನ್ನ ಒಲೆಗೇ ಹಾಕಿದಳು.

ಪಶು ಆಸ್ಪತ್ರೆಯ ಮುನಿಪಿಳ್ಳಪ್ಪ
ನನ್ನ ಬುಟ್ಟಿಯಿಂದಲೇ ಗೂಡು ತೆಗೆದು ಜೋಡಿಸಿದ,
ಎರಡು ಹಳದಿ, ಎರಡು ಬಿಳಿ.
"ತಾಯಿಯದೊಂದು ತಂದೆಯದೊಂದು ಮರಿಗೆ ಬರುತ್ತೆ.
ಒಂದು ಹಳದಿ ಇದ್ದರೆ ಸುರುಳಿ.
ಎರಡೂ ಹಳದಿಯಾದರೆ ಸುರುಳಿ ಹೆಚ್ಚಾಗಿ ಗರಿಯೇ ನಿಲ್ಲಲ್ಲ.
ನಾಲ್ಕಕ್ಕೊಂದು ಹಾಗೆ."
ನನಗೆ ಹನ್ನೊಂದಕ್ಕೆ ನಾಲ್ಕು ಬಂತಲ್ಲ, ಅಂದೆ.
"ಲೆಕ್ಕಕ್ಕೆ ಸಾವಿರ ಮರಿ ಬೇಕಮ್ಮ,
ನಿಮ್ಮ ಪಂಜರ ಅಳೆದು ನೋಡಿ ಅದು ಬರಲ್ಲ."

ಹೋಗುವಾಗ ಇನ್ನೊಂದು ಹೇಳಿದ.
ಗರಿಯ ನಾರಿನ ಬರಹದಲ್ಲಿ
ಎಂಬತ್ತನಾಲ್ಕು ಅಕ್ಷರ ಯಾವತ್ತೋ ಬಿಟ್ಟುಹೋಗಿವೆಯಂತೆ.
ಅತ್ತಲದು ಇತ್ತಲದು ಕೂಡಿಕೊಂಡಿದೆ, ಅಷ್ಟೇ.
ಇಪ್ಪತ್ತು ವರ್ಷ, ಎಳೆ ಕಡಿದಾಗಲೆಲ್ಲ
ಉಗುರಿನ ತುದಿಯಲ್ಲಿ ಗಂಟು ಹಾಕಿದವಳು ನಾನು.
ಗಂಟೇ ಕಾಣದ ಹಾಗೆ ಸೇರಿಸಿದ್ದು ಯಾರು
ಎಂದು ಕೇಳುವಷ್ಟರಲ್ಲಿ ಬೈಕು ಹೊರಟಿತ್ತು.

ಗಫಾರಣ್ಣನ ಹುಂಜ ವಾಪಸು.
ಘುಂಗ್ರೂಗೆ ಈಗ ಮಸೀದಿ ಹಿಂದಿನ ಗಲ್ಲಿಯ
ಸಾದಾ ಕೆಂಪು ಹುಂಜ, ಒಂದು ಗರಿಯೂ ಓರೆಯಿಲ್ಲ.
ಬೋಳುಮರಿಗಳಲ್ಲಿ ಮೂರು ಉಳಿದಿವೆ.
ರಾತ್ರಿ ಒಲೆ ಆರಿದ ಮೇಲೆ
ಮಾರದೆ ಎತ್ತಿಟ್ಟ ಕಸರೇಷ್ಮೆಯನ್ನು ಬುಟ್ಟಿಗೆ ಹಾಸಿ
ಅವನ್ನು ಹುದುಗಿಸುತ್ತೇನೆ.
ಬಿಚ್ಚುವುದೊಂದೇ ಗೊತ್ತಿದ್ದ ಬೆರಳಿಗೆ
ಗೂಡು ಕಟ್ಟುವುದು ಇನ್ನೂ ಸರಿಯಾಗಿ ಬರುತ್ತಿಲ್ಲ.
ಒಂದು ತಲೆ ಹೊರಗೆ ಹಾಕಿ
ಎಳೆಯನ್ನು ಕುಕ್ಕುತ್ತದೆ, ಹುಳುವೆಂದುಕೊಂಡು.
ಪೂರ್ತಿ ತಪ್ಪೂ ಅಲ್ಲ.