ಏಳನೇ ಸ್ಕ್ರೂ

ಪ್ರೆಸಿಲ್ಲಾ ಬಾಯಿಯ ಫೋನು ಬರುವಾಗ
ನಾನು ಯೆಯ್ಯಾಡಿಯ ಶೆಡ್ಡಿನ ಬೀಗ ತೆಗೆಯುತ್ತಿದ್ದೆ.
"ನಿಮ್ಮ ಜಾಲರಿ ಗೆದ್ದಿತು, ಬಂದು ನೋಡಿ," ಅಂದರು.
ಧ್ವನಿಯಲ್ಲಿ ನೈಟ್ ಡ್ಯೂಟಿಯ ನಿದ್ದೆ,
ಅದರಡಿಯಲ್ಲಿ ನಡುಕ.

ಕುಲಶೇಖರದ ಇಳಿಜಾರಿನಲ್ಲಿ ಬಾಡಿಗೆ ಮನೆ,
ಹಿಂದೆ ಹಂಚಿನ ಕಾರ್ಖಾನೆಯ ಪಾಳು ಗೋಡೆ.
ಕಳ್ಳನಿಗೆ ಬೇಕಾದದ್ದೆಲ್ಲ ಉಂಟು ಅಲ್ಲಿ:
ಕತ್ತಲೆ, ಮರೆ, ಓಡಲು ದಾರಿ.
ಇಲ್ಲದ್ದು ಹೊತ್ತು ಮಾತ್ರ.

ಹೊತ್ತನ್ನೇ ನಾನು ಮಾರುವುದು, ಮಾರಾಯ್ರೆ.
ಕಳ್ಳ ಬರುವುದೇ ಇಲ್ಲವೆಂದು
ಯಾವ ಗಿರಾಕಿಗೂ ಇವತ್ತಿನವರೆಗೆ ಹೇಳಿಲ್ಲ.
ಒಂದು ನಿಮಿಷದ ಕೆಲಸವನ್ನು ಹತ್ತು ನಿಮಿಷ ಮಾಡಿ ಕೊಡುತ್ತೇನೆ.
ಉಳಿದ ಒಂಬತ್ತು ನಿಮಿಷದಲ್ಲಿ
ಎಲ್ಲೋ ಒಂದು ನಾಯಿ ಏಳುತ್ತದೆ, ಯಾರದೋ ಲೈಟು ಹತ್ತುತ್ತದೆ,
ಕಳ್ಳನಿಗೆ ಅವನ ಎದೆಯೇ ಕೇಳಿಸತೊಡಗುತ್ತದೆ.

ಈ ಊರಿನ ಗಾಳಿಗೂ ಕಳ್ಳತನ ಗೊತ್ತು.
ಪಣಂಬೂರಿನಿಂದ ಉಪ್ಪು ಹೊತ್ತು ಬಂದು
ಸದ್ದಿಲ್ಲದೆ ಕಬ್ಬಿಣವನ್ನು ಕದಿಯುತ್ತದೆ.
ಐದೇ ವರ್ಷ, ಆಮೇಲೆ ಗ್ರಿಲ್ಲು ಹಪ್ಪಳ.
ಅದಕ್ಕೇ ತುಕ್ಕು ಹಿಡಿಯದ ತಂತಿಯ ಈ ನೇಯ್ಗೆ.
ಗಾಳಿ ಬರಬೇಕು, ಸೊಳ್ಳೆ ಬರಬಾರದು,
ಚೂರಿ ಹಾಕಿದರೆ ಚೂರಿಯ ಮೂಗೇ ಸೊಟ್ಟಗಾಗಬೇಕು.

ಪೊಲೀಸಿನವ ಬಂದು ಹೋಗಿದ್ದ.
'ಪ್ರಯತ್ನ ಮಾತ್ರ' ಎಂದು ಬರೆದುಕೊಂಡನಂತೆ.
ಬಾಯಿಯ ತಂಗಿಯ ಮಗಳು ಅನ್ಶಾ, ಪಿಯುಸಿ ಹುಡುಗಿ,
ರಾತ್ರಿಯಿಡೀ ಒಬ್ಬಳೇ ಇದ್ದವಳು,
ಚಾ ಕೊಡುತ್ತ ನನಗೆ ಹೇಳಿದಳು:
"ಕರಕರ ಸದ್ದು ಅಂಕಲ್. ಹೆಗ್ಗಣ ಅಂತ ಮಾಡಿದೆ.
ಆಮೇಲೆ ಸುಮಾರು ಹೊತ್ತು ಏನೂ ಇಲ್ಲ.
ಆಮೇಲೆ ಯಾರೋ ಮೆಲ್ಲಗೆ ನಕ್ಕ ಹಾಗೆ."
ಹೆದರಿದವರಿಗೆ ಎಂತೆಂತದೋ ಕೇಳಿಸುತ್ತದೆ ಅಂದರು ಬಾಯಿ.

ನಾನು ಕಿಟಕಿಯ ಹೊರಗೆ ಕುಕ್ಕರುಗಾಲಲ್ಲಿ ಕೂತೆ.
ಜಾಲರಿಯ ನಡುವಿಗೆ ಒಂದು ಗೀರೂ ಇಲ್ಲ.
ಹೊಸಬನಾದರೆ ನಡುವಿಗೇ ಒದೆಯುತ್ತಾನೆ.
ಇವ ಸೀದಾ ಕೆಳಗಿನ ಮೂಲೆಗೆ ಬಂದಿದ್ದಾನೆ,
ಪಟ್ಟಿಯ ಮುಚ್ಚಳ ಎಬ್ಬಿಸಿದ್ದಾನೆ,
ಒಳಗೆ ಸ್ಕ್ರೂ ಎಲ್ಲಿ ಅಡಗಿದೆಯೆಂದು ಗೊತ್ತಿದ್ದವನ ಹಾಗೆ.
ಗೀರುಗಳೆಲ್ಲ ಒಂದೇ ಕಡೆಗೆ ವಾಲಿದ್ದವು.
ಎಡಗೈಯ ಗೀರುಗಳು.

"ಮೂಲೆ ಜಾಗ್ರತೆ ಪುರಂದರ,
ಮೂಲೆಯೇ ಮೊದಲು ಸೋಲುವುದು."
ಎಷ್ಟು ಸಲ ಹೇಳಿದ್ದೆ ಅವನಿಗೆ,
ಡ್ರಿಲ್ಲಿಂಗ್ ಮೆಷಿನ್ ಕಾಣೆಯಾದ ದಿನ
ನಾಲ್ಕು ಜನರೆದುರು ಬೈದು ಕಳಿಸುವ ಮುಂಚೆ.
ಮೆಷಿನ್ ಆಮೇಲೆ ಸಿಕ್ಕಿತು, ನನ್ನದೇ ರಿಕ್ಷಾದ ಸೀಟಿನಡಿ.
ಫೋನು ಮಾಡಬೇಕೆಂದಿದ್ದೆ.
ಎರಡು ವರ್ಷವಾಯಿತು.

ಒಂದು ಮೂಲೆಗೆ ಆರು ಸ್ಕ್ರೂ, ನನ್ನ ಲೆಕ್ಕ.
ಎಣಿಸಿದೆ. ಆರು ಸಡಿಲಾಗಿದ್ದವು.
ಏಳನೆಯದೊಂದು ಇತ್ತು,
ಗೋಡೆಯ ಕಲ್ಲಿಗೆ ಓರೆಯಾಗಿ ಇಳಿದು.
ನಾನು ಹೇಳಿದ್ದಲ್ಲ, ಬಿಲ್ಲಿನಲ್ಲಿ ಹಾಕಿದ್ದೂ ಅಲ್ಲ.
ಈ ಮನೆಯ ಕೆಲಸದ ದಿನ ನನಗೆ ಜ್ವರ.
ಆ ಕಿಟಕಿ ಕೂರಿಸಿದ್ದು ಅವನೊಬ್ಬನೇ.
ಹೆಣ್ಣುಮಕ್ಕಳಿಬ್ಬರ ಮನೆ ಎಂದು
ಒಂದು ಹೆಚ್ಚಿಗೆ ಹೊಡೆದಿರಬೇಕು.

"ಯಾರಿರಬಹುದು?" ಬಾಯಿ ಕೇಳಿದರು.
"ಯಾರೋ," ಅಂದೆ.
ಆರನ್ನೂ ತೆಗೆದು ಹೊಸದು ಹಾಕಿದೆ.
ಏಳನೆಯದಕ್ಕೆ ಸ್ಕ್ರೂಡ್ರೈವರ್ ಇಟ್ಟು
ಇದ್ದ ಬಲವೆಲ್ಲ ಹಾಕಿ ತಿರುಗಿಸಿದೆ.
ಜಗ್ಗಲಿಲ್ಲ.

ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಹುಡುಕಿದೆ.
ಹೆಸರು ಈಗಲೂ 'ಎಡಚ' ಎಂದೇ ಉಂಟು.
ಎರಡು ರಿಂಗಾಯಿತು.
ಏನು ಹೇಳಬೇಕೆಂದು ನನಗೆ ಹೊಳೆಯುವ ಮೊದಲೇ
ಆಚೆಯಿಂದ ಯಾರೋ ಎತ್ತಿದರು.
ಎತ್ತಿ, ಸುಮ್ಮನೆ ಇದ್ದರು.